ಹೇಳಿದವನಿಗೆ ಎರಡು ಕೈ ಉಂಟಾ?

ಅವರು ತೀರಿಕೊಂಡರು ಎಂದು ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಎಲ್ಲರ ಹಾಗೆ ಕೈಮುಗಿದ ಚಿತ್ರ ಹಾಕಲಿಲ್ಲ. "ಯಾರು ಹೇಳಿದ್ದು?" ಎಂದು ಬರೆದೆ. ಸಾವಿನ ಸುದ್ದಿಗೂ ಇವಳದ್ದೊಂದು ತಕರಾರು ಎಂದು ಯಾರೋ ಬರೆದು ಅಳಿಸಿದರು. ಅಳಿಸುವಷ್ಟರಲ್ಲಿ ನಾನು ಓದಿಯಾಗಿತ್ತು. ಅವರ ಮಗಳಿಗೆ ಫೋನ್ ಮಾಡಿದೆ. "ಯೆಸ್ ಆಂಟಿ, ಇಟ್ಸ್ ಟ್ರೂ. ಚರ್ಚಿಗೆ ಹೊರಟಿದ್ರು, ಶೂ ಹಾಕ್ತಾ ಕೂತಿದ್ರು..." ಎಂದಳು. ಆಮೇಲೆಯೇ ನಾನು ಇಲ್ಲಿ ಗಲ್ಫಿನಲ್ಲಿ, ಸಾಲ್ಮಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೂತು ಅತ್ತದ್ದು. ಮೂಲ ಗೊತ್ತಾಗದೆ ಅಳುವುದಕ್ಕೂ ಆಗದ ಹಾಗೆ ನನ್ನನ್ನು ಪಳಗಿಸಿ ಹೋದರು ಆ ಮನುಷ್ಯ.

ಹೆಸರು ಬರೆಯುವುದಿಲ್ಲ. ಬರೆದರೆ "ನನ್ನನ್ನು ಕೇಳಿದ್ರಾ?" ಎಂದು ಎಲ್ಲಿಂದಾದರೂ ಜಗಳಕ್ಕೆ ಬಂದಾರು. ಬೆಳ್ತಂಗಡಿ ಕಡೆಯ ಕೊಂಕಣಿ ಮಾತಾಡುವ ಕ್ರಿಸ್ತುವರು. ನಮ್ಮ ತುಳುವರು ಅವರ ಜನವನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾನು ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆ. ನಾನು ಪುತ್ತೂರಿನವಳು. ನಮ್ಮಿಬ್ಬರ ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡಕ್ಕೆ ಬಂದು, ಜಗಳ ಜೋರಾದರೆ ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಮುಗಿದ ಜಗಳಗಳೇ ಹೆಚ್ಚು.

ನೋಡಲು ಕುಳ್ಳಗೆ, ಗುಂಡಗೆ. ನಮ್ಮ ವರ್ಕ್‌ಶಾಪ್ ಇದ್ದ ಶುಐಬಾದ ಬೇಸಿಗೆಯಲ್ಲೂ ಪೂರ್ತಿ ತೋಳಿನ ಅಂಗಿ, ಅದರ ಗುಂಡಿ ಮಣಿಕಟ್ಟಿನವರೆಗೆ ಹಾಕಿರಬೇಕು. ಸಿಟ್ಟು ಬಂದರೆ ಕೂಗುವವರಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಲು ಶುರುಮಾಡುತ್ತಿದ್ದರು. ಒರೆಸಿದಷ್ಟು ಹೊತ್ತು ಸಿಟ್ಟು. ನಮ್ಮ ವರ್ಕ್‌ಶಾಪಿನ ಹುಡುಗರು ಕನ್ನಡಕ ಮೂಗಿನಿಂದ ಇಳಿದರೆ ಸಾಕು, ಟೀ ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದರು.

ನಾವು ಕೆಲಸ ಮಾಡುತ್ತಿದ್ದದ್ದು ಸೇಫ್ಟಿ ವಾಲ್ವ್‌ಗಳನ್ನು ಪರೀಕ್ಷಿಸಿ ಕೊಡುವ ಒಂದು ಸಣ್ಣ ಕಂಪನಿಯಲ್ಲಿ. ಅವರು ಪರೀಕ್ಷೆಯ ಎಂಜಿನಿಯರು, ನಾನು ಆಫೀಸಿನವಳು. ಸೇಫ್ಟಿ ವಾಲ್ವ್ ಎಂದರೆ ಕುಕ್ಕರಿನ ವಿಸಿಲಿನ ದೊಡ್ಡಪ್ಪ ಎಂದು ತಿಳಿಯಿರಿ. ಪೈಪಿನೊಳಗೆ ಒತ್ತಡ ಒಂದು ಮಿತಿ ದಾಟಿದರೆ ತಾನೇ ತೆರೆದುಕೊಂಡು ಹೊರಬಿಡಬೇಕು. ಆ ಮಿತಿ ಎಷ್ಟು ಎಂದು ಗಟ್ಟಿ ಗೊತ್ತಿರಬೇಕು. ನಾನು ಸೇರಿದ ಹೊಸದರಲ್ಲಿ ಗಿರಾಕಿಯೊಬ್ಬ ಫೋನಿನಲ್ಲಿ ಹೇಳಿದ ಅಂಕಿಯನ್ನೇ ಸರ್ಟಿಫಿಕೇಟಿನಲ್ಲಿ ಟೈಪ್ ಮಾಡಿ ಸಹಿಗೆ ಇಟ್ಟೆ. ಪೊರ್ಬುಗಳು ಅದನ್ನು ಓದಿ ನನ್ನ ಮೇಜಿನ ಬಳಿ ಬಂದರು.

"ಇದು ಯಾರು ಹೇಳಿದ್ದು?"

"ಗಿರಾಕಿ, ಫೋನಿನಲ್ಲಿ."

"ಹೇಳಿದವನಿಗೆ ಎರಡು ಕೈ ಉಂಟಾ?"

ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಅವರು ಎದುರಿನ ಕುರ್ಚಿ ಎಳೆದು ಕೂತು ವಿವರಿಸಿದರು. "ನೋಡಿ ಮಾರಾಯ್ರೆ. ತಾನು ಹೇಳಿದ ಹಾಗೆ ತಾನೇ ಮಾಡಿ, ಎರಡೂ ಕೈ ಉಳಿಸಿಕೊಂಡವನ ಮಾತು ಕೇಳಬಹುದು. ಮಾಡಿ ಒಂದು ಕೈ ಕಳಕೊಂಡವನ ಮಾತನ್ನು ಇನ್ನೂ ಜಾಗ್ರತೆಯಿಂದ ಕೇಳಬೇಕು. ಆದ್ರೆ ಏನೂ ಮಾಡದೆ ಬರೀ ಬಾಯಲ್ಲಿ ಹೇಳುವವ ಉಂಟಲ್ಲ, ಅವನಿಗೂ ಎರಡು ಕೈ ಇರ್ತದೆ. ಅವನನ್ನು ಗುರುತು ಹಿಡಿಯುವುದೇ ನಮ್ಮ ಕೆಲಸ."

ಈ ಮಾತನ್ನು ಅವರು ವಾಲ್ವಿಗೆ ಮಾತ್ರ ಇಟ್ಟುಕೊಂಡಿದ್ದರೆ ನಮ್ಮೆಲ್ಲರ ಬದುಕು ಸುಖವಾಗಿರುತ್ತಿತ್ತು. ಮೀನಿನ ಮಾರ್ಕೆಟ್ಟಿನಲ್ಲಿ ಮಾಂಜಿ ಮೀನು ಇವತ್ತಿನದ್ದೇ ಎಂದವನಿಗೂ ಇದೇ ಪ್ರಶ್ನೆ. ಊರವರ ಸಂಘದ ಪಿಕ್ನಿಕ್ಕಿನಲ್ಲಿ ಹಾಗಲಕಾಯಿ ರಸದಿಂದ ಸಕ್ಕರೆ ಕಾಯಿಲೆ ವಾಸಿ ಎಂದ ಹೆಂಗಸಿಗೂ ಇದೇ ಪ್ರಶ್ನೆ. ವಾಟ್ಸಾಪಿನಲ್ಲಿ ಯಾರು ಏನು ಕಳಿಸಿದರೂ ಕೆಳಗೆ "ಮೂಲ?" ಎಂದು ಬೀಳುತ್ತಿತ್ತು. ಗುಂಪಿನಿಂದ ಅವರನ್ನು ತೆಗೆದುಹಾಕಿದ್ದರು, ಅಯ್ಯೋ ಪಾಪ ಎಂದು ಮತ್ತೆ ಸೇರಿಸಿದ್ದರು, ಮತ್ತೆ ತೆಗೆದಿದ್ದರು.

ಇನ್ನೊಂದು ಅಭ್ಯಾಸ ಹೇಳಲೇಬೇಕು. ರಿಪೇರಿಗೆ ಮೀರಿದ ವಾಲ್ವನ್ನು ಅವರು ಹಾಗೆಯೇ ಗುಜರಿಗೆ ಕೊಡುತ್ತಿರಲಿಲ್ಲ. ಮೊದಲು ಲೋಹ ಒತ್ತುವ ಪ್ರೆಸ್ಸಿನಲ್ಲಿಟ್ಟು ಜಜ್ಜಿ, ಕೆಂಪು ಚೀಟಿ ಕಟ್ಟುತ್ತಿದ್ದರು. ಗುಜರಿಯ ವಾಲ್ವ್ ಬಣ್ಣ ಬಳಿಸಿಕೊಂಡು ಇನ್ನೊಂದು ದಾರಿಯಿಂದ ಬಜಾರಿಗೆ ಬರುವುದು ಅವರು ಕಣ್ಣಾರೆ ಕಂಡ ವಿಷಯ. "ಬೇಡ ಅಂತ ಹೇಳಿದ್ರೆ ಸಾಲುವುದಿಲ್ಲ, ಬೇಡ ಆಗುವ ಹಾಗೆ ಮಾಡಬೇಕು" ಎನ್ನುತ್ತಿದ್ದರು. ಜಜ್ಜುವಾಗ ಯಾರೂ ಮಾತಾಡಬಾರದು, ಪರೀಕ್ಷೆಯ ಹೊತ್ತಿನಲ್ಲಂತೂ ಉಸಿರೂ ಮೆಲ್ಲಗೆ. ಊರಿನ ಮನೆಯಲ್ಲಿ ಹಂದಿ ಓಡಿಸಲು ಲೈಸೆನ್ಸಿನ ಕೇಪಿನ ಕೋವಿ ಇತ್ತಂತೆ. ಅದಕ್ಕೆ ಮದ್ದು ತುಂಬುವಾಗ ಅವರಪ್ಪ ಮಕ್ಕಳನ್ನೂ ನಾಯಿಯನ್ನೂ ಅಂಗಳದಿಂದ ಆಚೆ ಕಳಿಸುತ್ತಿದ್ದರಂತೆ. ಆ ಮೌನ ಇವರಿಗೆ ಅಲ್ಲಿಂದ ಬಂದದ್ದು.

ಕೋವಿಯ ವಿಷಯ ಬಂತಲ್ಲ, ಇನ್ನು ಅದನ್ನೇ ಹೇಳಿಬಿಡುತ್ತೇನೆ. ಅವರನ್ನು ನೆನೆದರೆ ನನ್ನ ಮನಸ್ಸು ಸುತ್ತಿ ಸುತ್ತಿ ಬಂದು ನಿಲ್ಲುವುದು ಅಲ್ಲಿಯೇ.

ಕಂಪನಿ ಕಟ್ಟಿದ ಹಿರಿಯ ಮಾಲೀಕರು ಕಾಯಿಲೆ ಬಿದ್ದು ಮನೆ ಸೇರಿದ ಮೇಲೆ ಮಗ ಬಂದು ಕೂತರು. ನಾವೆಲ್ಲ ಚಿಕ್ಕ ಮುದೀರ್, ಅಂದರೆ ಚಿಕ್ಕ ಮ್ಯಾನೇಜರ್, ಎನ್ನುತ್ತಿದ್ದೆವು. ಕೆಟ್ಟ ಮನುಷ್ಯ ಅಲ್ಲ. ರಂಜಾನಿನಲ್ಲಿ ಎಲ್ಲರ ಮನೆಗೂ ಖರ್ಜೂರದ ಡಬ್ಬಿ ಕಳಿಸುವವರು, ನನ್ನ ಮಗನ ಜ್ವರ ನೆನಪಿಟ್ಟುಕೊಂಡು ಕೇಳುವವರು. ಆದರೆ ಬೇಕು ಎಂದದ್ದು ಆ ಕ್ಷಣ ಬೇಕು. ಯಾವುದಕ್ಕೂ ಕಾದು ಗೊತ್ತಿಲ್ಲದ ಜೀವ. ಶೂಟಿಂಗ್ ಅವರ ಹುಚ್ಚು. ಕ್ಲಬ್ಬಿನ ಸದಸ್ಯತ್ವ, ಪರವಾನಗಿ ಎಲ್ಲ ಸರಿಯಾಗಿಯೇ ಇತ್ತು. ಆ ವರ್ಷ ವಿದೇಶದಲ್ಲಿ ತೀರಿಹೋದ ಯಾರೋ ಹವ್ಯಾಸಿಯ ಮನೆಯವರಿಂದ ಒಂದು ರೈಫಲ್ ಕೊಂಡು ತರಿಸಿಕೊಂಡರು.

ಆ ರೈಫಲಿಗೆ ಅಂಗಡಿಯಲ್ಲಿ ತೋಟೆ, ಅಂದರೆ ಕಾರ್ಟ್ರಿಜ್, ಸಿಗುವುದಿಲ್ಲ. ಹೊಲ ತೋಡಿ ಹಾಳುಮಾಡುವ ಪುಟ್ಟ ಪ್ರಾಣಿಗಳನ್ನು ಬಲು ದೂರದಿಂದ ಹೊಡೆಯಬೇಕೆಂದು, ಯಾರೋ ಒಬ್ಬರು ಬೇರೊಂದು ತೋಟೆಯ ಹಿತ್ತಾಳೆ ಕೊಳವೆಯ ಕುತ್ತಿಗೆಯನ್ನು ಕಿರಿದುಮಾಡಿ ಮನೆಯಲ್ಲೇ ಕಂಡುಹಿಡಿದ ತೋಟೆ ಅದು. ಕಂಪನಿಗಳು ತಯಾರಿಸದ ಇಂಥದ್ದಕ್ಕೆ ಆ ಲೋಕದವರು ವೈಲ್ಡ್‌ಕ್ಯಾಟ್ ಎನ್ನುತ್ತಾರಂತೆ. ಕಾಡುಬೆಕ್ಕು. ತೋಟೆಯನ್ನು ಕೈಯಲ್ಲೇ ತುಂಬಿಕೊಳ್ಳಬೇಕು, ಆದರೆ ಒಳಗೆ ಎಷ್ಟು ಮದ್ದು ಹಾಕಬೇಕು ಎಂದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಹೆಚ್ಚಾದರೆ ಒತ್ತಡ ಗುಂಡಿನ ಜೊತೆ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಕೈ ಮತ್ತು ಕಣ್ಣು.

ಒಂದು ಬೆಳಿಗ್ಗೆ ಚಿಕ್ಕ ಮುದೀರ್ ಒಂದು ಪ್ರಿಂಟ್ ಹಿಡಿದು ವರ್ಕ್‌ಶಾಪಿಗೇ ಬಂದರು. ಇಂಟರ್‌ನೆಟ್ಟಿನ ಹವ್ಯಾಸಿಗಳ ಚರ್ಚೆಯಿಂದ ತೆಗೆದ ಪುಟ. ಈ ತೋಟೆಗೆ ಇಂಥ ಮದ್ದು ಇಷ್ಟು ಹಾಕಿದೆ, ಬಹಳ ಚೆನ್ನಾಗಿ ಹೊಡೆಯಿತು ಎಂದು ಮೂರು ಜನ ಬರೆದಿದ್ದರು. ಕ್ಲಬ್ಬಿನವರು ಮನೆಯಲ್ಲಿ ತುಂಬಿದ ತೋಟೆಯನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಒತ್ತಡದ ಲೆಕ್ಕ ಬಲ್ಲ ಎಂಜಿನಿಯರ್ ಸಹಿ ಮಾಡಿದ ಕಾಗದ ಬೇಕು ಎಂದಿದ್ದರು. ಒತ್ತಡ ಬಲ್ಲ ಎಂಜಿನಿಯರ್ ತಮ್ಮ ಸಂಬಳದಲ್ಲೇ ಇದ್ದಾರಲ್ಲ.

"ಯಾ ಉಸ್ತಾದ್, ಇದನ್ನು ನಮ್ಮ ಲೆಟರ್‌ಹೆಡ್ಡಿನಲ್ಲಿ ಹಾಕಿ ಒಂದು ಸಹಿ. ತಿಂಗಳ ಕೊನೆಯ ಶುಕ್ರವಾರ ಅತಿಥಿಗಳು ಬರುತ್ತಾರೆ. ಅವರ ಮುಂದೆ ಮೊದಲ ಗುಂಡು ನಾನೇ ಹೊಡೆಯಬೇಕು."

ಪೊರ್ಬುಗಳು ಕಾಗದ ಓದಿದರು. ಕನ್ನಡಕ ತೆಗೆಯಲಿಲ್ಲ. "ನೋಡ್ತೇನೆ" ಎಂದರು. ನಾನು ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡಿದೆ. ಯಾಕೆಂದರೆ ಅದೇ ತಿಂಗಳು ಅವರ ಇಕಾಮಾ ಮುಗಿಯುವುದಿತ್ತು. ಇಕಾಮಾ ಎಂದರೆ ಈ ದೇಶದಲ್ಲಿ ಇರಲು ನಮಗಿರುವ ಅನುಮತಿ. ಅದನ್ನು ಹೊಸದು ಮಾಡಲು ಸಹಿ ಹಾಕಬೇಕಾದವರು ಚಿಕ್ಕ ಮುದೀರ್. ಅಪ್ಪನ ಇಕಾಮಾ ಹೋದರೆ ಅದರ ಕೆಳಗಿರುವ ಹೆಂಡತಿಯದೂ ಮಗಳದೂ ಹೋಯಿತು. ಮಗಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು, ಪರೀಕ್ಷೆ ಎದುರಿಗೇ ಇತ್ತು.

ಹುಡುಕಾಟ ಶುರುವಾಯಿತು. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುವುದು. ಮದ್ದು ತಯಾರಿಸುವ ಕಂಪನಿಗೆ ಬರೆದೆವು. ಈ ತೋಟೆಯನ್ನು ನಾವು ಪರೀಕ್ಷಿಸಿಲ್ಲ, ಆದ್ದರಿಂದ ಯಾವ ಅಂಕಿಯನ್ನೂ ಕೊಡಲಾರೆವು ಎಂದು ಉತ್ತರ ಬಂತು. ಗುಂಡು ತಯಾರಿಸುವವರಿಗೆ ಬರೆದೆವು. ಅಂಥದೇ ಉತ್ತರ, ಜೊತೆಗೆ ಜಾಗ್ರತೆಯಿಂದಿರಿ ಎಂಬ ಬುದ್ಧಿಮಾತು. ಪೊರ್ಬುಗಳಿಗೆ ಆ ಉತ್ತರಗಳನ್ನು ನೋಡಿ ಬೇಸರವಾಗಲಿಲ್ಲ, ಖುಷಿಯಾಯಿತು. "ಗೊತ್ತಿಲ್ಲ ಅಂತ ಬರೆದು ಕೊಡುವವರು ಎಷ್ಟು ಜನ ಸಿಗ್ತಾರೆ ಹೇಳಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ದಿನ ಹೋಗುತ್ತಿದೆ, ಇವರು ಇಲ್ಲ ಎಂಬ ಉತ್ತರಗಳನ್ನು ಫೈಲಿನಲ್ಲಿ ಜೋಡಿಸಿಡುತ್ತಿದ್ದಾರೆ.

ಆಮೇಲೆ ಆ ಪುಟದ ಮೂವರಿಗೆ ಬರೆದೆವು. ನಿಜವಾದ ಹೆಸರಿಲ್ಲ, ಅಡ್ಡಹೆಸರುಗಳು. ಒಬ್ಬರ ಅಂಕಿಗೂ ಇನ್ನೊಬ್ಬರ ಅಂಕಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಮೂವರೂ ಒಂದೇ ಹೇಳುತ್ತಾರಲ್ಲ, ಇನ್ನೇನು ಬೇಕು ಎಂದು ನಾನು ಕೇಳಿದೆ.

"ಅದೇ ನನಗೆ ಹೆದರಿಕೆ. ಮೂರು ಕೋವಿ, ಮೂರು ಕೈ, ಒಂದೇ ಅಂಕಿ ಹೇಗೆ ಬರ್ತದೆ?"

ಮೊದಲನೆಯವನು ಒಳ್ಳೆಯ ಮನುಷ್ಯ, ಕೂಡಲೇ ಉತ್ತರಿಸಿದ. ತಾನು ಈ ತೋಟೆ ಹೊಡೆದಿಲ್ಲ, ಎರಡನೆಯವನು ಬರೆದದ್ದನ್ನು ಉಪಕಾರವಾಗಲಿ ಎಂದು ಮತ್ತೆ ಹಾಕಿದ್ದೇನೆ ಎಂದ. ಎರಡನೆಯವನು ಮೂರನೆಯವನನ್ನು ತೋರಿಸಿದ. ಮೂರನೆಯವನ ಉತ್ತರಕ್ಕೆ ಕಾದು ಕಾದು ಸುಸ್ತಾದೆವು. ಕೊನೆಗೆ ಬಂತು. ಎಲ್ಲಿ ಓದಿದೆನೆಂದು ಖಚಿತವಿಲ್ಲ, ಮೊದಲನೆಯವರೇ ಹಿಂದೆ ಎಲ್ಲೋ ಬರೆದಿದ್ದರೆಂದು ನೆನಪು, ಅವರನ್ನೇ ಕೇಳಿ, ಅವರು ಅನುಭವಿಗಳು ಎಂದಿದ್ದ.

ನಾನು ನಕ್ಕುಬಿಟ್ಟೆ. ನಗದೆ ಏನು ಮಾಡಲಿ, ಮೂವರೂ ಒಬ್ಬರ ಹಿಂದೆ ಒಬ್ಬರು ಅಡಗಿ ಕೂತು ಸುತ್ತು ಪೂರ್ತಿ ಮಾಡಿದ್ದರು. ನಡುವೆ ಒಬ್ಬನೂ ಕೋವಿ ಹಿಡಿದವನಿರಲಿಲ್ಲ. ಪೊರ್ಬುಗಳು ನಗಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

ಆ ಹೊತ್ತಿಗೆ ಚಿಕ್ಕ ಮುದೀರ್ ಖಾಲಿ ತೋಟೆಗಳನ್ನು ತರಿಸಿಯಾಗಿತ್ತು. ಕ್ಲಬ್ಬಿನ ಗೆಳೆಯರೊಬ್ಬರು ಹಳೆಯ ಮಿಲಿಟರಿ ತೋಟೆಗಳ ಕುತ್ತಿಗೆ ಒತ್ತಿ ತಯಾರಿಸಿಕೊಟ್ಟದ್ದು, ಒಂದು ಬಿಸ್ಕತ್ತಿನ ಡಬ್ಬಿ ತುಂಬ. ಬರೀ ಹಿತ್ತಾಳೆ ಕೊಳವೆಗಳು, ಒಳಗೆ ಮದ್ದಿಲ್ಲ, ಕೇಪಿಲ್ಲ. ಶುಕ್ರವಾರ ಬೆಳಿಗ್ಗೆ ಆ ಗೆಳೆಯರು ಬಂದು ಮದ್ದು ತುಂಬಿಕೊಡುವುದೆಂದು ಮಾತಾಗಿತ್ತು. ಪೊರ್ಬುಗಳು ಅಳತೆ ನೋಡಬೇಕೆಂದು ಕೇಳಿ ಆ ಡಬ್ಬಿಯನ್ನು ವರ್ಕ್‌ಶಾಪಿಗೆ ತಂದುಕೊಂಡರು. ರೈಫಲಿನ ಜೊತೆ ಅದರ ಹಳೆಯ ಯಜಮಾನನ ಒಂದು ಖಾಲಿ ತೋಟೆಯೂ ಬಂದಿತ್ತು. ಅದನ್ನೂ ಇದನ್ನೂ ಮೇಜಿನ ಮೇಲೆ ನಿಲ್ಲಿಸಿ ನನ್ನನ್ನು ಕರೆದರು.

"ವ್ಯತ್ಯಾಸ ಹೇಳಿ."

"ಎರಡೂ ಒಂದೇ."

"ಹೊರಗೆ ಒಂದೇ."

ಎರಡರ ಅಡಿಯ ತೂತಿಗೂ ಮೇಣ ಮೆತ್ತಿ, ಬಾಯಿಯವರೆಗೆ ನೀರು ತುಂಬಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ಒಳಗಿನ ನೀರಿನ ತೂಕ ನೋಡಿದರು. ಮಿಲಿಟರಿ ತೋಟೆಯಲ್ಲಿ ನೀರು ಕಡಿಮೆ ಹಿಡಿಯಿತು. ಅದರ ಗೋಡೆ ದಪ್ಪ, ಆದ್ದರಿಂದ ಒಳಗೆ ಜಾಗ ಕಡಿಮೆ. ಜಾಗ ಕಡಿಮೆಯಾದರೆ ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. "ಆ ಮೂವರ ಅಂಕಿ ದೇವರೇ ಬಂದು ಹೇಳಿದ್ದು ಅಂತ ಇಟ್ಟುಕೊಳ್ಳಿ. ದೇವರು ಯಾವ ತೋಟೆಗೆ ಹೇಳಿದ್ದು? ಅದಕ್ಕಾ, ಇದಕ್ಕಾ?" ಎಂದರು. ಆಗ ಮೊದಲ ಸಲ ನನಗೂ ಹೆದರಿಕೆಯಾಯಿತು.

ಇದನ್ನೆಲ್ಲ ಅವರು ಚಿಕ್ಕ ಮುದೀರರಿಗೆ ಹೇಳಿದರು. ಮುದೀರ್ ಕೇಳಿಸಿಕೊಳ್ಳುತ್ತ ಫೋನ್ ನೋಡುತ್ತಿದ್ದರು. "ಉಸ್ತಾದ್, ಜಗತ್ತಿನಲ್ಲಿ ಸಾವಿರಾರು ಜನ ಹೊಡೆಯುತ್ತಾರೆ. ನಿನಗೊಬ್ಬನಿಗೆ ಭಯ" ಎಂದರು. ಪೊರ್ಬುಗಳು ಆ ಪುಟದ ಕೆಳಗೆ ಪೆನ್ನಿಟ್ಟು, "ಸರ್, ಇದನ್ನು ಹೇಳಿದವರ ಹೆಸರು ಇಲ್ಲಿ ಬರೆಯಿರಿ. ಅದರ ಕೆಳಗೆ ನಾನು ಸಹಿ ಹಾಕುತ್ತೇನೆ" ಎಂದರು. ಮುದೀರ್ ಇಂಟರ್‌ನೆಟ್ ಎಂದು ಬರೆದರು. ಪೊರ್ಬುಗಳು ಅದನ್ನು ಓದಿ, ಸಹಿ ಹಾಕದೆ, ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಮುದೀರರ ಮೇಜಿನ ಒಂದು ಬದಿಯಲ್ಲಿ ಇಕಾಮಾದ ಕಾಗದಗಳಿದ್ದವು. ಅವರು ಅದರ ಮೇಲೆ ಅಂಗೈಯಿಟ್ಟು ಮೆಲ್ಲಗೆ ಹೇಳಿದರು, "ಮೊದಲು ನನ್ನ ಕಾಗದ. ಆಮೇಲೆ ನಿನ್ನ ಕಾಗದ."

ನಾನು ಅಲ್ಲೇ ನಿಂತಿದ್ದೆ. ಇದನ್ನು ನನಗೆ ಯಾರೂ ಹೇಳಿದ್ದಲ್ಲ, ನಾನೇ ಕೇಳಿದ್ದು.

ಅಂದಿನಿಂದ ಆಫೀಸಿನಲ್ಲಿ ಮಾತು ಕಡಿಮೆಯಾಯಿತು. ಸರಕಾರಿ ಕಚೇರಿಗಳಿಗೆ ಓಡಾಡಿ ನಮ್ಮ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಒಬ್ಬ ಬ್ಯಾರಿ, ಬಹಳ ಮೃದು ಮನಸ್ಸಿನವರು. ಅವರು ದಿನಾ ಬೆಳಿಗ್ಗೆ ಮುದೀರರ ಮೇಜಿನತ್ತ ಕತ್ತು ಚಾಚಿ ನೋಡಿ, ನನ್ನತ್ತ ತಲೆಯಾಡಿಸಿ ಹೋಗುತ್ತಿದ್ದರು. ಕಾಗದ ಅಲ್ಲೇ ಇದೆ, ಸಹಿ ಇಲ್ಲ. ಬುಧವಾರ ಮಧ್ಯಾಹ್ನ ಅವರು ತಡೆಯಲಾರದೆ ಪೊರ್ಬುಗಳ ಊಟದ ಮೇಜಿಗೇ ಬಂದು ಕೂತರು.

"ಪೊರ್ಬುಗಳೇ, ನಾನು ಕೈಮುಗಿದು ಹೇಳ್ತೇನೆ. ಒಂದು ಸಹಿ ಅಲ್ವಾ? ಹಾಕಿ ಬಿಡಿ. ಇಕಾಮಾ ಖಲಾಸ್ ಆದ್ರೆ ನಾನು ಎಂತ ಮಾಡುದು? ಮಗುವಿನ ಪರೀಕ್ಷೆ ಉಂಟು."

"ಉಂಟು" ಎಂದರು ಪೊರ್ಬುಗಳು.

"ಹೊಡೆಯುವವ ಅವನು. ಮುಖ ಅವನದ್ದು. ನಿಮಗೆಂತ?"

"ಸಹಿ ನನ್ನದು."

ನನಗೆ ಸಹಿಸಲಾಗಲಿಲ್ಲ. "ನಿಮಗೆ ಮಗಳಿಗಿಂತ ಈ ಹಟ ದೊಡ್ಡದಾ? 'ಇಂಟರ್‌ನೆಟ್ಟಿನಲ್ಲಿ ಕಂಡಂತೆ' ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿ. ತಪ್ಪು ನಿಮ್ಮ ತಲೆಗೆ ಬರುವುದಿಲ್ಲ" ಎಂದೆ. ಜೋರಾಗಿಯೇ ಅಂದೆ.

ಅವರು ಬುತ್ತಿಯ ಮುಚ್ಚಳ ಹಾಕಿದರು. ಊಟ ಅರ್ಧ ಹಾಗೇ ಇತ್ತು. "ನಿನ್ನೆ ಮಗಳು ಕೇಳಿದಳು, ಡ್ಯಾಡಾ, ಎಕ್ಸಾಮ್ ಬರೀಲಿಕ್ಕೆ ಆಗ್ತದಾ ಇಲ್ವಾ ಅಂತ. ಗೊತ್ತಿಲ್ಲ ಮಗಾ ಅಂದೆ. ಹೊಟ್ಟೆ ಉರೀತದೆ ಮಾರಾಯ್ರೆ, ಉರಿಯುವುದಿಲ್ಲ ಅಂತ ತಿಳ್ಕೊಬೇಡಿ" ಎಂದರು. "ಆದ್ರೆ ಆ ಹುಡುಗನಿಗೂ ಒಬ್ಬ ಅಪ್ಪ ಇದ್ದಾರಲ್ಲ. ನನ್ನನ್ನು ಈ ದೇಶಕ್ಕೆ ಕರೆಸಿದವರು. ನಾಳೆ ಏನಾದ್ರೂ ಆದ್ರೆ ನಾನು ಅವರ ಹತ್ರ ಹೋಗಿ ಇಂಟರ್‌ನೆಟ್ಟಿನಲ್ಲಿ ಕಂಡಂತೆ ಅಂತ ಹೇಳುವುದಾ?" ಎಂದರು.

ಗುರುವಾರ ಬಂತು. ನಾಳೆ ಶುಕ್ರವಾರ. ಬೆಳಿಗ್ಗೆಯೇ ಚಿಕ್ಕ ಮುದೀರ್ ಬಹಳ ಉಲ್ಲಾಸದಲ್ಲಿ ಬಂದರು. ಕ್ಲಬ್ಬಿನಲ್ಲಿ ಪರಿಚಯದವರೊಬ್ಬರು ಕಣ್ಣುಮುಚ್ಚಿಕೊಳ್ಳಲು ಒಪ್ಪಿದ್ದರಂತೆ, ಇನ್ನು ಸಹಿಯೇ ಬೇಕಾಗಿಲ್ಲ. "ಉಸ್ತಾದನಿಗೆ ಹೇಳು, ಡಬ್ಬಿ ವಾಪಸ್ ಕಳಿಸಲಿ. ಇವತ್ತು ಸಂಜೆಗೇ ತುಂಬಿಸುತ್ತೇನೆ" ಎಂದರು ನನ್ನ ಬಳಿ. ನನಗೆ ಹೇಳಬಾರದಷ್ಟು ನೆಮ್ಮದಿಯಾಯಿತು. ಸಹಿ ಬೇಡ ಎಂದ ಮೇಲೆ ಪೊರ್ಬುಗಳು ಬಚಾವ್. ಹಟವೂ ಉಳಿಯಿತು, ಇಕಾಮಾವೂ ಉಳಿಯಿತು. ಓಡುತ್ತಲೇ ವರ್ಕ್‌ಶಾಪಿಗೆ ಹೋಗಿ ಸುದ್ದಿ ಮುಟ್ಟಿಸಿದೆ.

ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದರು. ಅಷ್ಟು ಹೊತ್ತು ಅವರು ಕನ್ನಡಕ ಒರೆಸಿದ್ದನ್ನು ನಾನು ಕಂಡದ್ದಿಲ್ಲ. ಹುಡುಗರು ಒಬ್ಬೊಬ್ಬರಾಗಿ ಹೊರಗೆ ಹೋದರು.

"ನನ್ನ ಸಹಿ ಇಲ್ಲದೆ ಹೊಡೀತಾರಾ?"

"ಹೌದು. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ. ಡಬ್ಬಿ ಕೊಡಿ, ನಾನೇ ಕೊಟ್ಟು ಬರ್ತೇನೆ."

"ಕೊಡ್ತೇನೆ" ಎಂದು ಕನ್ನಡಕ ಹಾಕಿಕೊಂಡರು. ಡಬ್ಬಿಯ ಮುಚ್ಚಳ ತೆಗೆದು, ಮೊದಲ ತೋಟೆಯನ್ನು ಪ್ರೆಸ್ಸಿನ ಕೆಳಗೆ ಮಲಗಿಸಿದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಪೊರ್ಬುಗಳೇ, ಬೇಡ" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ಜಜ್ಜುವಾಗ ಮಾತಾಡಬಾರದು. ಪ್ರೆಸ್ ಇಳಿಯಿತು, ಹಿತ್ತಾಳೆ ಚಪ್ಪಟೆಯಾಯಿತು. ಇನ್ನೊಂದು. ಮತ್ತೊಂದು. ಅವಸರವಿಲ್ಲ, ಕೋಪವಿಲ್ಲ, ದಿನಾ ಮಾಡುವ ಕೆಲಸದ ಹಾಗೆ. ಒಂದು ತೋಟೆಯನ್ನೂ ಬಿಡಲಿಲ್ಲ. ರೈಫಲಿನ ಜೊತೆ ಬಂದ ಹಳೆಯ ತೋಟೆಯನ್ನು ಮಾತ್ರ ಬದಿಗಿಟ್ಟರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮುದೀರ್ ಈಗ ಬಂದರೆ, ಈಗ ಬಂದರೆ ಎಂದು ಕಿವಿಯೆಲ್ಲ ಹೊರಗೆ.

ಜಜ್ಜಿದ್ದನ್ನೆಲ್ಲ ಅದೇ ಬಿಸ್ಕತ್ತಿನ ಡಬ್ಬಿಗೆ ತುಂಬಿದರು. ಮುಚ್ಚಳಕ್ಕೆ ಕೆಂಪು ಚೀಟಿ ಕಟ್ಟಿ, ಅದರ ಮೇಲೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಆ ಇಡೀ ವ್ಯವಹಾರದಲ್ಲಿ ಅವರು ಹಾಕಿದ ಒಂದೇ ಸಹಿ ಅದು. ನನ್ನ ಕೈಗೆ ಕೊಡಲಿಲ್ಲ. ಮಣಿಕಟ್ಟಿನ ಗುಂಡಿ ಸರಿಮಾಡಿಕೊಂಡು ತಾವೇ ಒಯ್ದರು. ನಾನು ಹಿಂದೆ ಹೋದೆ.

ಚಿಕ್ಕ ಮುದೀರ್ ಡಬ್ಬಿ ತೆರೆದರು. ನೋಡಿದರು. ಒಂದನ್ನು ಕೈಗೆತ್ತಿಕೊಂಡು ತಿರುಗಿಸಿದರು. ಮುಖದಲ್ಲಿ ರಕ್ತ ಏರಿದ್ದು ನಮಗೆ ಕಂಡಿತು. ಅವರು ಕೂಗಿದ್ದು ಅರಬ್ಬಿಯಲ್ಲಿ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಅರ್ಥವಾದಷ್ಟನ್ನು ಬರೆಯುವುದಿಲ್ಲ. ಪೊರ್ಬುಗಳು ಎರಡೂ ಕೈ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗನ ಹಾಗೆ ನಿಂತಿದ್ದರು. ಕೊನೆಗೆ ಮುದೀರ್, "ಖಲಾಸ್. ನಿನಗೂ ಈ ಕಂಪನಿಗೂ ಖಲಾಸ್" ಎಂದರು.

"ಸರಿ ಸರ್" ಎಂದು ಪೊರ್ಬುಗಳು ಹೊರಗೆ ಬಂದರು. ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡರು. "ನೀರು ಕೊಡಿ" ಎಂದರು. ಒಂದು ಲೋಟ ಪೂರ್ತಿ ಕುಡಿದು ಇನ್ನೊಂದು ಕೇಳಿದರು.

ಶುಕ್ರವಾರ ಅತಿಥಿಗಳು ಬಂದರು, ಊಟ ಮಾಡಿದರು, ಹೋದರು. ಕಾಡುಬೆಕ್ಕಿನ ಸದ್ದು ಯಾರೂ ಕೇಳಲಿಲ್ಲ.

ಭಾನುವಾರ ನಮ್ಮ ಉಳ್ಳಾಲದವರು ಹಿರಿಯ ಮಾಲೀಕರ ಮನೆಗೆ ಹೋಗಿ ಕೂತು ಏನು ಹೇಳಿದರೋ ಗೊತ್ತಿಲ್ಲ. ಇಕಾಮಾಕ್ಕೆ ಸಹಿ ಬಂತು. ಆದರೆ ಚಿಕ್ಕ ಮುದೀರರ ಮಾತೂ ಉಳಿಯಿತು. ಮಗಳ ಪರೀಕ್ಷೆ ಮುಗಿಯುವವರೆಗೆ ಇರಬಹುದು, ಮುಗಿದ ಮೇಲೆ ಕ್ಯಾನ್ಸಲ್. ಹಾಗೆಯೇ ಆಯಿತು. ಮಗಳು ಪರೀಕ್ಷೆ ಬರೆದಳು. ಅಪ್ಪ ಅರ್ಧ ಆಯುಷ್ಯ ಕಳೆದ ವರ್ಕ್‌ಶಾಪಿನಿಂದ ಒಂದು ಟೀ ಪಾರ್ಟಿಯೂ ಇಲ್ಲದೆ ಹೊರಟರು. ಏರ್‌ಪೋರ್ಟಿಗೆ ಬಿಡಲು ಹೋದವರು ನಾನು ಮತ್ತು ಉಳ್ಳಾಲದವರು, ಇಬ್ಬರೇ.

ನನಗೆ ಅವರ ಮೇಲೆ ಬಹಳ ಸಿಟ್ಟಿತ್ತು. ಏರ್‌ಪೋರ್ಟಿನಲ್ಲೂ ಬಿಡಲಿಲ್ಲ. "ಏನೂ ಆಗುತ್ತಿರಲಿಲ್ಲವೋ ಏನೋ. ಆ ಅಂಕಿ ಸರಿಯೇ ಇತ್ತೋ ಏನೋ. ಇನ್ನು ಯಾರಿಗೂ ಗೊತ್ತಾಗುವುದಿಲ್ಲವಲ್ಲ" ಎಂದೆ.

"ಇರಬಹುದು" ಎಂದರು ಅವರು. "ಗೊತ್ತಾಗದೇ ಹೋದದ್ದೇ ಒಳ್ಳೆಯದು ಮಾರಾಯ್ರೆ."

ನನಗೆ ಆ ಉತ್ತರ ಸಾಲಲಿಲ್ಲ. ಆಗದೇ ಹೋದದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ಹೊಸ ತೋಟೆಗಳನ್ನು ಮಾಡಿಸುವುದು ಚಿಕ್ಕ ಮುದೀರರಿಗೆ ಕಷ್ಟವಿರಲಿಲ್ಲ, ಗೆಳೆಯರಿದ್ದರು, ಹಣವಿತ್ತು. ಯಾಕೋ ಮಾಡಿಸಲಿಲ್ಲ. ರೈಫಲ್ ಅವರ ಮನೆಯ ಗಾಜಿನ ಕಪಾಟಿನಲ್ಲಿದೆಯಂತೆ. ಜಜ್ಜಿದ ಒಂದು ತೋಟೆ ಮಾತ್ರ ಇವತ್ತಿಗೂ ಆಫೀಸಿನ ಮೇಜಿನ ಮೇಲೆ ಪೆನ್ನುಗಳ ನಡುವೆ ಬಿದ್ದಿರುತ್ತದೆ. ಮೇಜು ಒರೆಸುವವರು ಅದನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಾರೆ.

ಅತ್ತು ಮುಖ ತೊಳೆದುಕೊಂಡು ನಾನು ಆಫೀಸಿಗೆ ಹೋದೆ. ಹೇಳದಿರಲು ಮನಸ್ಸು ಬರಲಿಲ್ಲ. ಚಿಕ್ಕ ಮುದೀರ್ ಈಗ ಚಿಕ್ಕವರಲ್ಲ, ಗಡ್ಡದಲ್ಲಿ ಬಿಳಿ ಬಂದಿದೆ. ಶಾಲೆಗೆ ರಜೆಯೆಂದು ಪುಟ್ಟ ಮಗಳನ್ನು ಆಫೀಸಿಗೆ ಕರೆತಂದಿದ್ದರು. ಅವಳ ಬಿಚ್ಚಿಹೋದ ಜಡೆಯನ್ನು ತಾವೇ ಹೆಣ್ಣುಮಕ್ಕಳಷ್ಟು ನಾಜೂಕಾಗಿ ಹೆಣೆಯುತ್ತಿದ್ದರು. ಉಸ್ತಾದ್ ತೀರಿಕೊಂಡರು ಎಂದೆ.

ಹೆಣೆಯುತ್ತಿದ್ದ ಬೆರಳುಗಳು ನಿಂತವು. "ಯಾರು ಹೇಳಿದ್ದು?" ಎಂದರು.

"ಅವರ ಮಗಳು."

ಅವರು ಅರ್ಧ ಹೆಣೆದ ಜಡೆ ಬಿಟ್ಟು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ನಾನು ಆ ಕೈಗಳನ್ನೇ ನೋಡುತ್ತ ನಿಂತೆ.